ಮಹಿಷಾಸುರ ಎಷ್ಟು ಗಂಟೆಗೆ ಬಂದ?

2019ರ ಫೆಬ್ರವರಿ 16, ಶನಿವಾರ ರಾತ್ರಿ ನಮ್ಮ ಊರಮನೆಯ ಗದ್ದೆಯಲ್ಲಿ ಕಟೀಲು ಮೇಳದ ಹರಕೆ ಆಟ, ಅಂದರೆ ಯಕ್ಷಗಾನ, ಇತ್ತು. ಪ್ರಸಂಗ ದೇವಿ ಮಹಾತ್ಮೆ. ಅಜ್ಜಿ ಹೇಳಿಕೊಂಡಿದ್ದ ಹರಕೆ. ಕಟೀಲಿನ ಆಟಕ್ಕೆ ಸರದಿ ಬರಬೇಕಾದರೆ ವರ್ಷಗಟ್ಟಲೆ ಕಾಯಬೇಕು ಅನ್ನುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಹಾಗಾಗಿ ದಿನ ಸಿಕ್ಕಿದ್ದೇ ತಡ, ಎಲ್ಲೆಲ್ಲೋ ಇದ್ದವರೆಲ್ಲ ರಜೆ ಹಾಕಿ ಬಂದರು. ನಾನು ಬೆಂಗಳೂರಿನಿಂದ ನಿಕಾನ್ ಕ್ಯಾಮೆರಾ ತಂದಿದ್ದೆ. ದೊಡ್ಡಪ್ಪನ ಮಗ, ನಮ್ಮ ಅಣ್ಣ, ಮಸ್ಕತ್‌ನಿಂದ ಬಂದವನು, ಅವನ ಕೈಯಲ್ಲೂ ನಿಕಾನ್. ಭಾವನ ಹತ್ತಿರ ಕ್ಯಾನನ್. ಅಕ್ಕನ ಮಗನ ಹತ್ತಿರ ಫೋನ್.

ಯಾರು ಎಲ್ಲಿ ನಿಲ್ಲುವುದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ನಾನು ರಂಗಸ್ಥಳದ ಎದುರು. ಅಣ್ಣ ಇಡೀ ರಾತ್ರಿ ಚೌಕಿಯಲ್ಲಿ, ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಕಡೆ. ಭಾವ ಜನರ ನಡುವೆ. ಹುಡುಗ ಎಲ್ಲಿ ಬೇಕಾದರೂ. ಕ್ಯಾಮೆರಾ ಎಲ್ಲಿರಬೇಕು ಅಂತ ಇಷ್ಟು ಯೋಚನೆ ಮಾಡಿದ ನಾವು, ಅವುಗಳ ಗಡಿಯಾರ ಸರಿ ಇದೆಯಾ ಅಂತ ಒಬ್ಬರೂ ನೋಡಲಿಲ್ಲ.

ಮರುದಿನ ಮಧ್ಯಾಹ್ನ, ನಿದ್ದೆಗೆಟ್ಟ ಕಣ್ಣಲ್ಲೇ ನಾನು ಲ್ಯಾಪ್‌ಟಾಪ್ ತೆರೆದು ಕೂತೆ. ಅಣ್ಣನಿಗೆ ಸಂಜೆ ವಿಮಾನ ಇತ್ತು. ‘ಆಟ’ ಅಂತ ಒಂದು ಫೋಲ್ಡರ್ ಮಾಡಿ ನನ್ನ ಕಾರ್ಡಿನ 986 ಫೋಟೋಗಳನ್ನು ಅದಕ್ಕೆ ಹಾಕಿದೆ. ಹಾಕಿದ ಕೂಡಲೇ ಕಾರ್ಡನ್ನು ಫಾರ್ಮ್ಯಾಟ್ ಕೂಡ ಮಾಡಿದೆ. ಆಮೇಲೆ ಅಣ್ಣನ ಕಾರ್ಡು. ಅದೇ ಫೋಲ್ಡರ್. ಇದೇ ಹೆಸರಿನ ಫೈಲುಗಳು ಇಲ್ಲಿ ಈಗಾಗಲೇ ಇವೆ, ಬದಲಾಯಿಸಲಾ ಅಂತ ಕಂಪ್ಯೂಟರ್ ಕೇಳಿತು. ಎಲ್ಲವನ್ನೂ ಬದಲಾಯಿಸು ಅಂತ ಒತ್ತಿಬಿಟ್ಟೆ.

ಗೊತ್ತಾದದ್ದು ಎರಡು ದಿನ ಬಿಟ್ಟು, ಬೆಂಗಳೂರಿಗೆ ಬಂದ ಮೇಲೆ. ಅಣ್ಣ ತೆಗೆದದ್ದು 742 ಫೋಟೋ. ನನ್ನವು 743ರಿಂದ ಮುಂದಕ್ಕೆ ಮಾತ್ರ ಉಳಿದಿದ್ದವು. ಅಂದರೆ ಬೆಳಗಿನ ಜಾವದ್ದು, ಆಟ ಮುಗಿಸುವ ಮಂಗಳದ್ದು. ವೇಷಗಳು ಮೊದಲ ಸಲ ರಂಗಕ್ಕೆ ಬರುವ ಒಡ್ಡೋಲಗ ಇಲ್ಲ, ಮಹಿಷಾಸುರ ಇಲ್ಲ, ದೇವಿಯ ಪ್ರವೇಶ ಇಲ್ಲ. ಅಜ್ಜಿಗೆ ಏನು ಹೇಳಲಿ ಅನ್ನುವ ಯೋಚನೆಯಲ್ಲಿ ಆ ರಾತ್ರಿ ಊಟ ಸೇರಲಿಲ್ಲ.

ಎರಡು ಬೇರೆ ಕ್ಯಾಮೆರಾಗಳು ಒಂದೇ ಹೆಸರು ಕೊಡುವುದು ಯಾಕೆ ಅಂತ ಹುಡುಕಿದ್ದು ಆಗಲೇ. 1998ರಲ್ಲಿ ಜಪಾನಿನ ಕ್ಯಾಮೆರಾ ಕಂಪನಿಗಳೆಲ್ಲ ಸೇರಿ ಒಂದು ನಿಯಮ ಮಾಡಿಕೊಂಡವು, ಅದರ ಹೆಸರು ಡಿಸಿಎಫ್. ಯಾರ ಕಾರ್ಡನ್ನು ಯಾವ ಯಂತ್ರಕ್ಕೆ ಹಾಕಿದರೂ ಫೋಟೋ ಕಾಣಬೇಕು ಅನ್ನುವುದು ಉದ್ದೇಶ. ಕಾರ್ಡಿನೊಳಗೆ ಡಿಸಿಐಎಂ ಅನ್ನುವ ಫೋಲ್ಡರ್ ಇರುತ್ತದಲ್ಲ, ಅದು ಈ ನಿಯಮದ್ದು. ಹೆಸರಿಗೆ ಎಂಟೇ ಅಕ್ಷರ, ಹಳೆಯ ಡಾಸ್ ಕಾಲದ ಲೆಕ್ಕ. ಮೊದಲ ನಾಲ್ಕು ಕಂಪನಿಯ ಇಷ್ಟ, ಕೊನೆಯ ನಾಲ್ಕು ಅಂಕಿ, 0001ರಿಂದ 9999. ಕ್ಯಾನನ್ ಐಎಂಜಿ ಅಂತ ಹಾಕುತ್ತದೆ, ನಿಕಾನ್ ಡಿಎಸ್‌ಸಿ ಅಂತ. 9999 ಮುಗಿದರೆ ಮತ್ತೆ 0001. ನಿಕಾನ್‌ನಲ್ಲಿ ಅಂಕಿ ಮುಂದುವರಿಸುವ ಸೆಟ್ಟಿಂಗ್ ಒಂದಿದೆ, ಅದು ಆಫ್ ಇದ್ದರೆ ಕಾರ್ಡ್ ಫಾರ್ಮ್ಯಾಟ್ ಮಾಡಿದಾಗಲೆಲ್ಲ ಎಣಿಕೆ ಮೊದಲಿಂದ ಶುರು. ನಮ್ಮಿಬ್ಬರದ್ದೂ ಆಫ್ ಇತ್ತು. ಇಬ್ಬರೂ ಆಟಕ್ಕೆ ಅಂತಲೇ ಕಾರ್ಡು ಖಾಲಿ ಮಾಡಿಕೊಂಡು ಬಂದಿದ್ದೆವು. ಒಂದೇ ಹೆಸರು ಬರದೆ ಇನ್ನೇನಾಗುತ್ತದೆ?

ಪುಣ್ಯಕ್ಕೆ ಫಾರ್ಮ್ಯಾಟ್ ಮಾಡಿದ ಕಾರ್ಡಿನಲ್ಲಿ ನಾನು ಮತ್ತೆ ಒಂದೂ ಫೋಟೋ ತೆಗೆದಿರಲಿಲ್ಲ. ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಫಾರ್ಮ್ಯಾಟ್ ಮಾಡಿದರೆ ಫೋಟೋ ಅಳಿಸಿ ಹೋಗುವುದಿಲ್ಲ, ಯಾವುದು ಎಲ್ಲಿದೆ ಅನ್ನುವ ಪಟ್ಟಿ ಮಾತ್ರ ಹೋಗುತ್ತದೆ. ಫೋಟೋರೆಕ್ ಅಂತ ಒಂದು ಉಚಿತ ಪ್ರೋಗ್ರಾಂ ಇದೆ. ಅದು ಪಟ್ಟಿಯನ್ನು ನಂಬುವುದೇ ಇಲ್ಲ. ಕಾರ್ಡನ್ನು ಮೊದಲಿಂದ ಕೊನೆಯವರೆಗೆ ಓದಿ, ಇಲ್ಲೊಂದು ಜೆಪೆಗ್ ಶುರುವಾಗಿದೆ, ಇಲ್ಲೊಂದು ಅಂತ ಗುರುತು ಹಿಡಿದು ಎತ್ತಿ ಕೊಡುತ್ತದೆ. 986 ಫೋಟೋಗಳೂ ಬಂದವು. ಒಂದೊಂದಾಗಿ ಪರದೆಯ ಮೇಲೆ ಬರುವಾಗ ನಾನು ನಿಜವಾಗಿ ಕೈ ಮುಗಿದೆ.

ಆದರೆ ಹೆಸರು ವಾಪಸ್ ಬರಲಿಲ್ಲ. ಹೆಸರು ಇದ್ದದ್ದು ಹೋದ ಪಟ್ಟಿಯಲ್ಲಿ. ಈಗ ಎಲ್ಲವಕ್ಕೂ ಎಫ್ ಅನ್ನುವ ಅಕ್ಷರ, ಅದರ ಹಿಂದೆ ಉದ್ದನೆಯ ಅಂಕಿ. ಫೈಲಿನ ಮೇಲೆ ಕಾಣುವ ದಿನಾಂಕವನ್ನೂ ನಂಬುವ ಹಾಗಿರಲಿಲ್ಲ. ಹೆಸರೂ ಇಲ್ಲ, ಹೊರಗಿನ ದಿನಾಂಕವೂ ಇಲ್ಲ ಅಂದ ಮೇಲೆ ಫೋಟೋದ ಒಳಗೇ ನೋಡಬೇಕಾಯಿತು. ಅಲ್ಲಿ ಎಲ್ಲ ಇತ್ತು. ಕ್ಲಿಕ್ಕಿಸಿದ ಕ್ಷಣ ಸೆಕೆಂಡ್ ಸಮೇತ, ಕ್ಯಾಮೆರಾ ಮಾಡೆಲ್, ಲೆನ್ಸ್, ಎಲ್ಲ. ಇದಕ್ಕೆ ಎಕ್ಸಿಫ್ ಅನ್ನುತ್ತಾರೆ. ಹೆಸರು ಹೋದರೂ ಇದು ಹೋಗಿರಲಿಲ್ಲ, ಯಾಕೆಂದರೆ ಇದು ಫೋಟೋದ ಹೊಟ್ಟೆಯೊಳಗೇ ಇರುತ್ತದೆ.

ಅಲ್ಲಿಂದ ನನ್ನ ತಲೆಯಲ್ಲಿ ಒಂದು ವಿಷಯ ಗಟ್ಟಿಯಾಯಿತು. ಹೆಸರನ್ನು ನಾವು ಯೋಚಿಸಿ ಇಡಬೇಕಿಲ್ಲ. ಒಳಗಿರುವ ಸಮಯವನ್ನೇ ಹೊರಗೆ ಬರೆದರೆ ಸಾಕು. ಈ ಕೆಲಸಕ್ಕೆ ಎಕ್ಸಿಫ್‌ಟೂಲ್ ಅಂತ ಒಂದು ಪ್ರೋಗ್ರಾಂ ಇದೆ. ಫಿಲ್ ಹಾರ್ವೆ ಅನ್ನುವವರು 2003ರಿಂದ ಇದನ್ನು ಬೆಳೆಸಿಕೊಂಡು ಬಂದಿದ್ದಾರೆ, ಉಚಿತವಾಗಿ. ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಬೇಕು, ಗುಂಡಿಗಳಿಲ್ಲ. ಹೆದರಬೇಡಿ. ನನಗೆ ಒಂದು ಸಂಜೆ ಸಾಕಾಯಿತು. ನಿಜವಾಗಿ ಹೆಸರು ಬದಲಾಯಿಸುವ ಮೊದಲು, ಬದಲಾಯಿಸಿದರೆ ಏನಾಗುತ್ತದೆ ಅಂತ ತೋರಿಸುವ ಸೌಲಭ್ಯವೂ ಅದರಲ್ಲಿದೆ. ಅದನ್ನು ಬಳಸದೆ ನಾನು ಒಂದು ಹೆಜ್ಜೆಯೂ ಇಡುವುದಿಲ್ಲ, ಅದೂ ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇಟ್ಟುಕೊಂಡ ಮೇಲೆ.

ಹಾಗೆ ಎಲ್ಲರ ಫೋಟೋಗಳಿಗೂ ಸಮಯದ ಹೆಸರು ಕೊಟ್ಟು ಒಂದೇ ಫೋಲ್ಡರಿಗೆ ಹಾಕಿ ನೋಡಿದೆ. ಇಡೀ ರಾತ್ರಿ ಕಲಸಿಹೋಗಿತ್ತು.

ಭಾವನ ಫೋಟೋಗಳಲ್ಲಿ ಆಟ ಶನಿವಾರ ಬೆಳಿಗ್ಗೆ 9 ಗಂಟೆಗೇ ಶುರುವಾಗಿತ್ತು. ಅಣ್ಣನ ಫೋಟೋದಲ್ಲಿ ಮಹಿಷಾಸುರನ ವೇಷಧಾರಿ ರಾತ್ರಿ 11:35ಕ್ಕೆ ಚೌಕಿ ಬಿಟ್ಟು ಹೊರಗೆ ಕಾಲಿಡುತ್ತಾರೆ. ಆದರೆ ನನ್ನ ಫೋಟೋದಲ್ಲಿ ಅವರು ಕಾಣಿಸಿಕೊಳ್ಳುವುದು 1:13ಕ್ಕೆ. ನಡುವೆ ಒಂದೂವರೆ ಗಂಟೆ ಅವರು ಎಲ್ಲಿದ್ದರು? ಚೌಕಿ ಇದ್ದದ್ದು ರಂಗಸ್ಥಳದ ಹಿಂದೆಯೇ, ನೂರು ಹೆಜ್ಜೆಯೂ ಇಲ್ಲ.

ಅಣ್ಣನಿಗೆ ಫೋನ್ ಮಾಡಿದೆ. “ಗಡಿಯಾರ ಮಸ್ಕತ್‌ದೇ ಇತ್ತು ಮಾರಾಯ, ಬದಲಾಯಿಸಲೇ ಇಲ್ಲ” ಅಂದ. ಒಮಾನ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಭಾವನದ್ದು ಇನ್ನೊಂದು ಬಗೆ. ಯಾವಾಗಲೋ ಬ್ಯಾಟರಿ ತೆಗೆದಿಟ್ಟು ಗಡಿಯಾರ ಹೋಗಿ, ಮತ್ತೆ ಇಡುವಾಗ ಹಗಲು ರಾತ್ರಿ ಅದಲು ಬದಲಾಗಿತ್ತು. 12 ಗಂಟೆ ಹಿಂದೆ. ಇದೆಲ್ಲ ಸರಿಸುಮಾರು ಲೆಕ್ಕ. ಸರಿಸುಮಾರು ಸಾಲದು ನೋಡಿ. ಚೆಂಡೆ ಜೋರಾದಾಗ ಒಂದು ನಿಮಿಷದೊಳಗೆ ರಂಗದ ಮೇಲೆ ಏನೇನೋ ಆಗಿಹೋಗುತ್ತದೆ. ಎರಡು ನಿಮಿಷ ಹಿಂದೆ ಮುಂದೆ ಆದರೂ, ತಲೆ ಉರುಳಿದ ರಾಕ್ಷಸ ಮತ್ತೆ ಎದ್ದು ಬಂದು ಕುಣಿಯುತ್ತಾನೆ.

ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಕಂಡ ಒಂದು ಕ್ಷಣ ಬೇಕಿತ್ತು. ಅದನ್ನು ಕೊಟ್ಟದ್ದು ರಾಳ.

ದೇವಿ ಮಹಾತ್ಮೆ ಪ್ರಸಂಗ ನೋಡಿದವರಿಗೆ ಗೊತ್ತು. ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ, ಜನರ ನಡುವಿನಿಂದ ಬರುತ್ತಾನೆ. ಮುಂದೆ ದೊಂದಿ ಹಿಡಿದವರು. ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗನೆ ಮೇಲೆದ್ದು ಕ್ಷಣದಲ್ಲಿ ಇಳಿಯುತ್ತದೆ. ಆ ಹೊತ್ತಿಗೆ ಮಲಗಿದ್ದ ಮಕ್ಕಳೆಲ್ಲ ಎದ್ದಿರುತ್ತಾರೆ, ಕ್ಯಾಮೆರಾ ಇರುವವರೆಲ್ಲ ಅದೇ ಕಡೆ ತಿರುಗಿರುತ್ತಾರೆ. ರಾಳ ಎಷ್ಟೋ ಸಲ ಎರಚುತ್ತಾರೆ, ಹಾಗಾಗಿ ಯಾವ ಸಲದ ಬೆಂಕಿ ಅಂತ ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಒಂದು ಸಿಕ್ಕಿತು. ಬೆಂಕಿಯ ಪಕ್ಕ ಹಳದಿ ಅಂಗಿಯ ಹುಡುಗನೊಬ್ಬ ಕುರ್ಚಿಯ ಮೇಲೆ ಎದ್ದು ನಿಂತು ಎರಡೂ ಕಿವಿ ಮುಚ್ಚಿಕೊಂಡಿದ್ದಾನೆ. ನನ್ನ ಫೋಟೋದಲ್ಲೂ ಅವನು ಹಾಗೇ, ಭಾವನದ್ದರಲ್ಲೂ ಹಾಗೇ, ಫೋನಿನಲ್ಲೂ ಹಾಗೇ.

ಫೋನಿನ ಗಡಿಯಾರ ನೆಟ್‌ವರ್ಕಿನಿಂದ ಸರಿಯಾಗುವಂಥದ್ದು, ಅದನ್ನೇ ನಂಬಿದೆ. ಫೋನಿನಲ್ಲಿ 1:15:32. ನನ್ನದರಲ್ಲಿ 1:13:20, ಅಂದರೆ ನಾನೂ 2 ನಿಮಿಷ 12 ಸೆಕೆಂಡ್ ಹಿಂದೆ. ಭಾವನದ್ದರಲ್ಲಿ ಹಿಂದಿನ ಮಧ್ಯಾಹ್ನ 1:16:05. ಅದಕ್ಕೆ 11 ಗಂಟೆ 59 ನಿಮಿಷ 27 ಸೆಕೆಂಡ್ ಕೂಡಿಸಬೇಕು. ಅಣ್ಣ ಆ ಹೊತ್ತಿಗೆ ಚೌಕಿಯೊಳಗೇ ಇದ್ದ, ಅವನು ಬೆಂಕಿ ನೋಡಿಲ್ಲ. ಅವನಿಗೆ ಬೇರೆ ಕ್ಷಣ ಹುಡುಕಿದೆ. ಆಟಕ್ಕೆ ಮೊದಲು ಚೌಕಿಯಲ್ಲಿ ಪೂಜೆ ಆಗುತ್ತದಲ್ಲ, ಅಲ್ಲಿ ಆರತಿ ಎತ್ತಿದ ಕ್ಷಣ ಅವನೂ ಅಕ್ಕನ ಮಗನೂ ಇಬ್ಬರೂ ತೆಗೆದಿದ್ದರು. ಫೋನಿನಲ್ಲಿ 8:32:10, ಅವನದ್ದರಲ್ಲಿ 6:58:50. ವ್ಯತ್ಯಾಸ 1 ಗಂಟೆ 33 ನಿಮಿಷ 20 ಸೆಕೆಂಡ್. ಬೆಳಿಗ್ಗೆ ಮಂಗಳದ ಹೊತ್ತಿನ ಫೋಟೋಗಳಲ್ಲೂ ಲೆಕ್ಕ ಹಾಕಿದೆ, ಅಷ್ಟೇ ಬಂತು. ರಾತ್ರಿ ಪೂರ್ತಿ ಗಡಿಯಾರ ಜಾರಿಲ್ಲ ಅಂತ ಖಾತ್ರಿಯಾಯಿತು.

ಮೊದಲು ಸಮಯ ತಿದ್ದಬೇಕು, ಹೆಸರು ಆಮೇಲೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ತಪ್ಪು ಗಡಿಯಾರದ ಮೇಲೆ ಹೆಸರಿಟ್ಟರೆ ತಪ್ಪಿಗೆ ಮೊಹರು ಒತ್ತಿದ ಹಾಗೆ, ನೋಡಿದವರೆಲ್ಲ ಹೆಸರನ್ನೇ ನಂಬುತ್ತಾರೆ. ಎಕ್ಸಿಫ್‌ಟೂಲ್‌ಗೆ ಒಂದೊಂದು ಕ್ಯಾಮೆರಾದ ಫೋಲ್ಡರ್ ಬೇರೆ ಬೇರೆಯಾಗಿ ಕೊಟ್ಟು, ಇದಕ್ಕೆ ಇಷ್ಟು ಕೂಡಿಸು ಅಂದರೆ ಸಾವಿರ ಫೋಟೋಗೂ ಕೂಡಿಸುತ್ತದೆ.

ವಿಡಿಯೋಗಳಲ್ಲಿ ಇನ್ನೊಂದು ತೊಡಕು. ಫೋನಿನ ವಿಡಿಯೋ ಫೈಲಿನ ಒಳಗೆ ಸಮಯ ಬರೆಯುವುದು ನಮ್ಮ ಸಮಯದಲ್ಲಲ್ಲ, ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿ. ನಮಗಿಂತ ಐದೂವರೆ ಗಂಟೆ ಹಿಂದೆ. ಹಾಗಾಗಿ ಮಹಿಷಾಸುರ ಬರುವ ವಿಡಿಯೋ ಹಿಂದಿನ ಸಂಜೆ 7:45ಕ್ಕೆ ಹೋಗಿ ಕೂತಿತ್ತು, ನಾವು ಇನ್ನೂ ಬಂದವರಿಗೆ ಊಟ ಬಡಿಸುತ್ತಿದ್ದ ಹೊತ್ತು. ಅದೇ ಫೋನಿನ ಫೋಟೋಗಳು ಮಾತ್ರ ಸರಿ. ಒಂದೇ ಫೋನು, ಎರಡು ಲೆಕ್ಕ. ಈಗಿನ ಪಿಕ್ಸೆಲ್ ಫೋನುಗಳಲ್ಲಿ ಫೋಟೋದ ಹೆಸರಲ್ಲೂ ಯುಟಿಸಿ ಸಮಯವೇ ಇರುತ್ತದೆ. ಹೆಸರಲ್ಲಿ ಬೆಳಿಗ್ಗೆ 4 ಅಂತ ಇದ್ದರೆ ತೆಗೆದದ್ದು ಒಂಬತ್ತೂವರೆಗೆ. ಐದೂವರೆ ಗಂಟೆಯ ವ್ಯತ್ಯಾಸ ಎಲ್ಲಿ ಕಂಡರೂ ನನಗೆ ಈಗ ಮೊದಲ ಅನುಮಾನ ಇದೇ.

ಹೆಸರು ಕೊನೆಗೆ ಹೀಗಾಯಿತು: 20190217_011532_ಸಿ_4821. ವರ್ಷ, ತಿಂಗಳು, ದಿನ, ಆಮೇಲೆ ಗಂಟೆ, ನಿಮಿಷ, ಸೆಕೆಂಡ್. ನಾವು ಬರೆಯುವಾಗ ದಿನ ಮೊದಲು ಬರೆಯುತ್ತೇವೆ, ಆದರೆ ಫೈಲಿಗೆ ಅದು ಆಗುವುದಿಲ್ಲ. ಕಂಪ್ಯೂಟರ್ ಎಡದಿಂದ ಓದಿ ಸಾಲು ಮಾಡುತ್ತದೆ, ದಿನ ಮೊದಲಿದ್ದರೆ ಎಲ್ಲ ವರ್ಷಗಳ 1ನೇ ತಾರೀಕುಗಳೂ ಒಂದೇ ಕಡೆ ಗುಂಪು ಸೇರುತ್ತವೆ. ವರ್ಷ ಮೊದಲಿದ್ದರೆ ಹೆಸರಿನ ಸಾಲೇ ಸಮಯದ ಸಾಲು. ಎಕ್ಸಿಫ್ ಒಳಗೆ ಸಮಯವನ್ನು ಕೋಲನ್ ಹಾಕಿ ಬರೆದಿರುತ್ತದೆ, ವಿಂಡೋಸ್ ಹೆಸರಲ್ಲಿ ಕೋಲನ್ ಒಪ್ಪುವುದಿಲ್ಲ, ಆದ್ದರಿಂದ ತೆಗೆದೆ. ‘ಸಿ’ ಅಂದರೆ ಭಾವ. ಕ್ಯಾಮೆರಾ ಅಲ್ಲ, ಮನುಷ್ಯ. ಯಾರ ಕಣ್ಣು ಅದು ಅನ್ನುವುದು ನನಗೆ ಮುಖ್ಯ. ಕೊನೆಯ 4821 ಕ್ಯಾಮೆರಾ ಕೊಟ್ಟ ಮೂಲ ಅಂಕಿ. ಅದನ್ನು ಎಸೆಯಬೇಡಿ. ಒಂದೇ ಸೆಕೆಂಡಿನಲ್ಲಿ ಐದು ಫೋಟೋ ತೆಗೆದಾಗ ಯಾವುದು ಮೊದಲು ಅಂತ ಅದೇ ಹೇಳುತ್ತದೆ, ಎಲ್ಲಾದರೂ ಮೂಲ ಕಾರ್ಡಿನ ಪ್ರತಿ ಇದ್ದರೆ ಅಲ್ಲಿಗೆ ದಾರಿಯೂ ಅದೇ. ನನ್ನ ಫೋಟೋಗಳಿಗೆ ಆ ಅಂಕಿ ಹೋಗಿಬಿಟ್ಟಿತ್ತು, ಸಮಯದ ಸಾಲಿನಲ್ಲಿ ನಾನೇ ಹೊಸದಾಗಿ ಎಣಿಸಿ ಕೊಟ್ಟೆ. ಭಾವ ಪ್ರತಿ ಫೋಟೋವನ್ನೂ ರಾ (ಕ್ಯಾಮೆರಾದ ಕಚ್ಚಾ ಫೈಲ್) ಮತ್ತು ಜೆಪೆಗ್ ಎರಡರಲ್ಲೂ ತೆಗೆಯುವವನು. ಆ ಜೋಡಿಗೆ ಒಂದೇ ಹೆಸರು ಉಳಿಯಬೇಕು, ಇಲ್ಲದಿದ್ದರೆ ಮುಂದೆ ಯಾವ ಪ್ರೋಗ್ರಾಮಿಗೂ ಅವು ಜೋಡಿ ಅಂತ ಗೊತ್ತಾಗುವುದಿಲ್ಲ.

ಫೋಲ್ಡರ್ ವಿಷಯದಲ್ಲಿ ನಾನು ಜಾಸ್ತಿ ದಿನ ತಲೆ ಕೆಡಿಸಿಕೊಂಡೆ. ದಿನಕ್ಕೊಂದು ಫೋಲ್ಡರ್ ಅನ್ನುವುದು ಎಲ್ಲರೂ ಮಾಡುವುದು, ಎಲ್ಲ ಪ್ರೋಗ್ರಾಮುಗಳೂ ಮಾಡಿಕೊಡುವುದು. ಆದರೆ ನಮ್ಮ ಆಟ ರಾತ್ರಿ ಹತ್ತಕ್ಕೆ ಮೊದಲೇ ಶುರುವಾಗಿ ಬೆಳಿಗ್ಗೆ ಮುಗಿಯುವಂಥದ್ದು. ಮಧ್ಯರಾತ್ರಿ 12ಕ್ಕೆ ಕತ್ತರಿ ಹಾಕಿದರೆ ಒಂದೇ ಆಟ ಎರಡು ಫೋಲ್ಡರ್ ಆಗುತ್ತದೆ, ಮಹಿಷಾಸುರ ಒಂದರಲ್ಲಿ, ಅವನ ತಾಯಿ ಇನ್ನೊಂದರಲ್ಲಿ. ಇದು ಸರಿ ಕಾಣಲಿಲ್ಲ. ‘ಶನಿವಾರದ ಆಟ’ ಅಂತಲೇ ನಾವು ಹೇಳುವುದು, ಬೆಳಿಗ್ಗೆ ಆರಕ್ಕೆ ಮುಗಿದರೂ ಅದು ಶನಿವಾರದ್ದೇ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದಾಗ ಅಲ್ವಾ? ನಾನೂ ಅದನ್ನೇ ಹಿಡಿದೆ. ಫೋಟೋದ ಹೆಸರಲ್ಲಿ ನಿಜವಾದ ದಿನಾಂಕ, 17. ಫೋಲ್ಡರ್ ಮಾಡುವಾಗ ಮಾತ್ರ ಪ್ರತಿ ಫೋಟೋದ ಸಮಯದಿಂದ 7 ಗಂಟೆ ಕಳೆದು ದಿನ ಲೆಕ್ಕ ಹಾಕುವುದು. ಬೆಳಿಗ್ಗೆ 7ರ ವರೆಗಿನದ್ದೆಲ್ಲ ಹಿಂದಿನ ದಿನಕ್ಕೆ ಸೇರುತ್ತದೆ. ಫೋಲ್ಡರಿನ ಹೆಸರು ‘2019-02-16 ಹರಕೆ ಆಟ’. ಈಗ ಇಡೀ ರಾತ್ರಿ ನಡೆಯದೆ ಬೇಗ ಮುಗಿಯುವ ಕಾಲಮಿತಿ ಆಟಗಳು ಜಾಸ್ತಿಯಾಗಿವೆ, ಆದರೂ ಈ ಪದ್ಧತಿ ಬಿಟ್ಟಿಲ್ಲ. ಮದುವೆ ಮನೆಯ ಹಿಂದಿನ ರಾತ್ರಿ, ಕೋಲ, ಜಾತ್ರೆ, ನಮ್ಮಲ್ಲಿ ರಾತ್ರಿ ದಾಟುವ ಕೆಲಸ ಕಡಿಮೆ ಇಲ್ಲ.

ಫೈಲಿನ ಹೆಸರಲ್ಲೇ ಕನ್ನಡದಲ್ಲಿ ‘ಕೋಡಂಗಿ’, ‘ದೇವಿಯ ಪ್ರವೇಶ’ ಅಂತೆಲ್ಲ ಬರೆಯುವ ಆಸೆ ನನಗೂ ಇತ್ತು, ಸ್ವಲ್ಪ ಬರೆದೂ ಇದ್ದೆ. ಅಣ್ಣ ಅವನ್ನು ತನ್ನ ಹಳೆಯ ಮ್ಯಾಕ್ ಡಿಸ್ಕಿಗೆ ಹಾಕಿ ವಾಪಸ್ ಕಳಿಸಿದ ಮೇಲೆ ‘ಕೋಡಂಗಿ’ ಅಂತ ಹುಡುಕಿದರೆ ಸಿಗುತ್ತಿರಲಿಲ್ಲ, ಕಣ್ಣಿಗೆ ಕಾಣುತ್ತಿದ್ದರೂ. ಕಾರಣ ಏನೆಂದರೆ ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಪದ್ಧತಿಯಾದ ಯುನಿಕೋಡಿನಲ್ಲಿ ‘ಕೋ’ ಅಕ್ಷರದ ಆ ಸ್ವರಚಿಹ್ನೆಯನ್ನು ಎರಡು ರೀತಿ ಬರೆಯಬಹುದು, ಒಂದೇ ಇಡಿಯಾಗಿ, ಇಲ್ಲವೇ ಮೂರು ತುಂಡಾಗಿ. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್ ಡಿಸ್ಕುಗಳು ಹೆಸರನ್ನು ತುಂಡು ಮಾಡಿ ಇಡುತ್ತಿದ್ದವು. ಹಾಗಾಗಿ ಈಗ ಫೈಲಿನ ಹೆಸರಲ್ಲಿ ಅಂಕಿ ಮತ್ತು ಆ ಒಂದು ಗುರುತು ಮಾತ್ರ. ಯಾರು, ಯಾವ ವೇಷ, ಯಾವ ಸನ್ನಿವೇಶ ಅನ್ನುವುದೆಲ್ಲ ಫೋಟೋದ ಒಳಗಿನ ವಿವರಣೆಯ ಜಾಗದಲ್ಲಿ, ಕನ್ನಡದಲ್ಲೇ, ಮನಸ್ಸಿಗೆ ಬಂದಷ್ಟು ಉದ್ದ. ಡಿಜಿಕ್ಯಾಮ್ ಅಂತ ಉಚಿತ ಪ್ರೋಗ್ರಾಂ ಇದೆ, ಅದರಲ್ಲಿ ಬರೆಯುವುದು ಸುಲಭ. ಹೆಸರು ಯಾರಾದರೂ ಬದಲಾಯಿಸಬಹುದು, ಕಳೆದುಹೋಗಬಹುದು. ನನ್ನದು ಹೋಗಿತ್ತಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ಮೊದಲಿಂದ ಕೊನೆಯವರೆಗೆ ನೋಡುತ್ತಾ ಹೋದೆ. ಆ ರಾತ್ರಿಯನ್ನು ನಾನು ಅಲ್ಲೇ ಕೂತು ನೋಡಿದ್ದೆ, ಆದರೆ ಹೀಗೆ ನೋಡಿರಲಿಲ್ಲ. ರಂಗಸ್ಥಳದಲ್ಲಿ ಮಧು ಕೈಟಭರು ಕುಣಿಯುತ್ತಿದ್ದಾರೆ. ಅದರ ಪಕ್ಕದಲ್ಲೇ, ಅದೇ ನಿಮಿಷದಲ್ಲಿ, ಚೌಕಿಯಲ್ಲಿ ಮಹಿಷಾಸುರನ ವೇಷಧಾರಿ ನೆಲದ ಮೇಲೆ ಕೂತು ಕೈಗನ್ನಡಿ ಹಿಡಿದು ಮುಖಕ್ಕೆ ಚುಟ್ಟಿ ಇಡುತ್ತಿದ್ದಾರೆ. ಅಕ್ಕಿಹಿಟ್ಟು, ಸುಣ್ಣ ಸೇರಿಸಿದ ಬಿಳಿ ಮುಳ್ಳುಗಳು, ಒಂದೊಂದಾಗಿ. ರಂಗದಲ್ಲಿ ಒಂದು ಯುದ್ಧ ಮುಗಿಯುವಾಗ ಚುಟ್ಟಿ ಒಂದು ಕೆನ್ನೆಗೆ ಬಂದಿದೆ. ನಾವು ಚಹಾ ಕುಡಿಯಲು ಎದ್ದಾಗ ಇನ್ನೊಂದು ಕೆನ್ನೆಗೆ. 1:09ಕ್ಕೆ ಅವರು ಚೌಕಿ ಬಿಡುತ್ತಾರೆ, ಅಣ್ಣನ ಫೋಟೋದಲ್ಲಿ ಬೆನ್ನು ಮಾತ್ರ ಕಾಣುತ್ತದೆ. ನಂತರ ಭಾವನ ಫೋಟೋದಲ್ಲಿ ಕತ್ತಲಲ್ಲಿ ಹಿಂದೆ ತಿರುಗಿ ನೋಡುವ ಜನ. 1:15:32ಕ್ಕೆ ಬೆಂಕಿ. ಆ ಆರು ನಿಮಿಷ ಅವರು ಗದ್ದೆಯ ಅಂಚಿನಲ್ಲಿ, ಕತ್ತಲಲ್ಲಿ, ಕರೆಯುವುದನ್ನು ಕಾಯುತ್ತಾ ನಿಂತಿದ್ದರು.

ಉಳಿದದ್ದು ಚಿಕ್ಕಮ್ಮನ 23 ಫೋಟೋಗಳು. ಅವರು ಸೋಮವಾರ ವಾಟ್ಸಾಪ್ ಗುಂಪಿಗೆ ಹಾಕಿದ್ದು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದ ಒಳಗಿನ ಸಮಯ ಅಳಿಸಿಹೋಗುತ್ತದೆ, ಹೆಸರಲ್ಲಿರುವ ದಿನಾಂಕ ಕ್ಲಿಕ್ಕಿಸಿದ್ದಲ್ಲ, ನಮಗೆ ಬಂದದ್ದು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಎಲ್ಲ ಉಳಿಯುತ್ತದೆ. ಕೇಳೋಣ ಅಂದರೆ ಅಷ್ಟರಲ್ಲಿ ಅವರು ಫೋನೇ ಬದಲಾಯಿಸಿದ್ದರು. ರಂಗದ ಮೇಲಿನ ವೇಷ ನೋಡಿ 14ಕ್ಕೆ ನಾನೇ ಸಮಯ ಕೊಟ್ಟೆ, ಅಂದಾಜಿನದ್ದು ಅಂತ ವಿವರಣೆಯಲ್ಲಿ ಬರೆದೆ. ಉಳಿದ 9ರಲ್ಲಿ ರಂಗ ಕಾಣುವುದೇ ಇಲ್ಲ, ಬರೀ ಮನೆಯವರ ಮುಖ. ಊರಿಗೆ ಹೋದಾಗ ಲ್ಯಾಪ್‌ಟಾಪ್ ಚಿಕ್ಕಮ್ಮನ ಮುಂದೆ ಇಟ್ಟೆ.

ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು. “ಇದು ರಕ್ತಬೀಜ ಬಂದ ಮೇಲಿನದ್ದು ಮಗಾ. ಅಮ್ಮನ ಹೆಗಲ ಮೇಲೆ ನನ್ನ ಶಾಲು ಉಂಟಲ್ಲ? ಇಬ್ಬನಿ ಬೀಳಲಿಕ್ಕೆ ಶುರುವಾದ ಮೇಲೆ ಕೊಟ್ಟದ್ದು ನಾನು.”

ಭಾವನ ಫೋಟೋಗಳಲ್ಲಿ ಹುಡುಕಿದೆ. 3:26ರಲ್ಲಿ ಶಾಲು ಚಿಕ್ಕಮ್ಮನ ಮಡಿಲಲ್ಲಿದೆ. 3:41ರಲ್ಲಿ ಅಜ್ಜಿಯ ಹೆಗಲ ಮೇಲೆ.